ಸೂಕ್ಷ್ಮಜೀವಿಯ ಸಂಘವೂ ಮನುಷ್ಯನ ದಾಸೋಹವೂ

ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯು ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು. ಅಂತಹ ಕೆರೆಗಳ ತಳದ ಕೆಸರಿನಲ್ಲಿ ಅಮೀಬಾ ಎಂಬ ಸೂಕ್ಷ್ಮಜೀವಿಯು ಬಾಳುತ್ತದೆ. ಅದರ ಶರೀರವೆಲ್ಲ ಒಂದೇ ಜೀವಕೋಶ. ಉಣ್ಣುವುದು, ಚಲಿಸುವುದು, ಇಬ್ಭಾಗವಾಗಿ ವಂಶ ಬೆಳೆಸುವುದು ಎಲ್ಲವೂ ಆ ಒಂದರಿಂದಲೇ. ಅದಕ್ಕೆ ನೆರೆಯವರ ಹಂಗಿಲ್ಲ.

ಕಾಡಿನ ತರಗೆಲೆಯಡಿಯ ಮಣ್ಣಿನಲ್ಲಿ ಇದರ ದೂರದ ಬಂಧುವೊಂದುಂಟು. ಡಿಕ್ಟಿಯೋಸ್ಟೀಲಿಯಂ ಎಂದು ಅದರ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯನವರು ಇದನ್ನು ಬಹುಕಾಲ ಅಭ್ಯಸಿಸಿದರು. ಆಹಾರವಿರುವಷ್ಟು ಕಾಲ ಇದರ ಕೋಶಗಳು ಒಂಟಿಯಾಗಿಯೇ ಇರುತ್ತವೆ. ಆಹಾರ ಮುಗಿದಾಗ ಅವು ರಾಸಾಯನಿಕ ಕರೆಯೊಂದಕ್ಕೆ ಓಗೊಟ್ಟು, ಸಾವಿರಾರು ಸಂಖ್ಯೆಯಲ್ಲಿ ಕೂಡಿ, ಒಂದೇ ಶರೀರದಂತೆ ನಡೆಯುತ್ತವೆ. ಕಡೆಗೆ ಸುಮಾರು ಐದರಲ್ಲೊಂದು ಪಾಲು ಕೋಶಗಳು ಕಾಂಡವಾಗಿ ನಿಂತು ಸಾಯುತ್ತವೆ. ಉಳಿದವು ಅದರ ತುದಿಯಲ್ಲಿ ಬೀಜಕಗಳಾಗಿ ಉಳಿದುಕೊಳ್ಳುತ್ತವೆ.

ಇದನ್ನು ದಾಸೋಹವೆನ್ನಬಹುದೇ? ಎನ್ನಲಾಗದು. ದಾಸೋಹಕ್ಕೆ ಅರಿವು ಬೇಕು. ಕೊಡದಿರಬಲ್ಲವನು ಒಲಿದು ಕೊಟ್ಟಾಗ ಮಾತ್ರ ಅದು ಧರ್ಮ. ಕಾಂಡದ ಕೋಶಕ್ಕೆ ಆ ಅರಿವಿಲ್ಲ, ಮನುಷ್ಯನಿಗುಂಟು. ಆದುದರಿಂದ, ಕೆಲವರು ಸವೆಯುವುದು ಪ್ರಕೃತಿನಿಯಮವೆಂದು ಹೇಳಿ, ಮನೆಯ ಸೊಸೆಯನ್ನೋ ತೋಟದ ಆಳನ್ನೋ ಕಾಂಡವಾಗಿ ನಿಲ್ಲಿಸುವುದು ಸಲ್ಲದು. ತಾನೇ ಕಾಂಡವಾಗಲು ಒಪ್ಪಿದವನದು ತ್ಯಾಗ. ಅನ್ಯರನ್ನು ಕಾಂಡವಾಗಿಸಿ ತುದಿಯಲ್ಲಿ ಕುಳಿತವನದು ಸುಲಿಗೆ.

ಸದ್ಭಕ್ತರಾದ ಗೃಹಸ್ಥರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದು ಇಷ್ಟೇ: ನಮ್ಮ ಮನೆಯ ಭಾರವನ್ನು ಹೊತ್ತವರು ಅದನ್ನು ಒಲಿದು ಹೊತ್ತರೇ? ಅದನ್ನು ಇಳಿಸಿ ದಣಿವಾರಿಸಿಕೊಳ್ಳುವ ಸರದಿಯು ಅವರಿಗೆ ಎಂದಾದರೂ ಬಂದಿತೇ?