ಕ್ರಯವೂ ಕೊಸರೂ

ಕನ್ನಡನಾಡಿನ ಸಂತೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತುಗಳಲ್ಲಿ ಕೊಸರು ಎಂಬುದೂ ಒಂದು. ಕಾಯಿಪಲ್ಲೆಯನ್ನಾಗಲಿ ಕಾಳನ್ನಾಗಲಿ ಅಳೆದು ತೂಗಿ ಕೊಟ್ಟಾದ ಮೇಲೆ ಮಾರುವವನು ತನ್ನ ಕೈಯಿಂದಲೇ ಒಂದು ಹಿಡಿಯನ್ನು ಹೆಚ್ಚಿಗೆ ಹಾಕುವನು. ಹಾಕಲು ಮರೆತರೆ ಕೊಳ್ಳುವವಳು ಕೇಳಿ ಹಾಕಿಸಿಕೊಳ್ಳುವಳು. ಆ ಒಂದು ಹಿಡಿಗೆ ಬೆಲೆಯಿಲ್ಲ, ಆದರೆ ಅರ್ಥವುಂಟು. ಕ್ರಯವು ತೀರ್ಮಾನವಾದ ಬಳಿಕ ಏನಾದರೂ ಹೆಚ್ಚಾಗಿ ಸಲ್ಲುವುದಾದರೆ ಅದು ಮಾರುವವನ ಕಡೆಯಿಂದ ಕೊಳ್ಳುವವನ ಕಡೆಗೆ ಸಲ್ಲತಕ್ಕದ್ದೆಂಬ ಭಾವನೆ ಅದರಲ್ಲಿ ಅಡಗಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಕೊಸರಿನ ದಿಕ್ಕು ತಿರುಗಿರುವುದನ್ನು ಕಾಣಬಹುದು. ಹೋಟೆಲಿನ ಫಲಕದಲ್ಲಿ ಊಟಕ್ಕೆ ಒಂದು ದರ. ಉಂಡು ಕೈತೊಳೆದ ಮೇಲೆ ಬರುವ ಬಿಲ್ಲಿನಲ್ಲಿ ಸೇವಾಶುಲ್ಕವೆಂದು ಇನ್ನೊಂದು ಸಾಲು. ಬಟ್ಟೆಯಂಗಡಿಯಲ್ಲಿ ಸೀರೆಗೆ ಹಣ ತೆತ್ತಾದ ಮೇಲೆ ಅದನ್ನಿಟ್ಟುಕೊಡುವ ಚೀಲಕ್ಕೆ ಬೇರೆ ಹಣ. ಆ ಚೀಲದ ಮೇಲೆ ಅಚ್ಚಾಗಿರುವುದು ಅಂಗಡಿಯದೇ ಹೆಸರು! ಮೊಬೈಲಿನಲ್ಲಿ ಟಿಕೀಟು ತೆಗೆದರೆ ಹಣ ಕಟ್ಟುವ ಕಟ್ಟಕಡೆಯ ಘಳಿಗೆಯಲ್ಲಿ ಸೌಕರ್ಯಶುಲ್ಕವೆಂಬ ಹೆಸರಿನ ಮೊತ್ತ. ನೀರಿನ ಬಾಟಲಿಗೆ ತಂಪುಮಾಡಿದ ಖರ್ಚು. ಎರಡು ರೂಪಾಯಿ ಚಿಲ್ಲರೆಯಿಲ್ಲವೆಂದು ಕೈಗಿಡುವ ಪೆಪ್ಪರಮಿಂಟು. ಈ ಕಡೆಯದು ನೋಟಕ್ಕೆ ಹಳೆಯ ಕೊಸರಿನಂತೆಯೇ ಇದೆಯಷ್ಟೆ. ಅದೇ ಪೆಪ್ಪರಮಿಂಟನ್ನು ಮರುದಿನ ಕೊಂಡೊಯ್ದು ಎರಡು ರೂಪಾಯಿಯ ಬದಲಿಗೆ ಕೊಟ್ಟರೆ ಅಂಗಡಿಕಾರನು ತೆಗೆದುಕೊಳ್ಳುವನೆ ಎಂದು ಕೇಳಿ ನೋಡಿದರೆ ಎರಡಕ್ಕೂ ಇರುವ ಅಂತರವು ತಿಳಿಯುತ್ತದೆ.

ಇಲ್ಲಿ ವಿಚಾರಿಸತಕ್ಕ ಪ್ರಶ್ನೆ ಇದು: ದೋಷವಿರುವುದು ಹಣದ ಪರಿಮಾಣದಲ್ಲಿಯೋ, ಅದನ್ನು ಕೇಳಿದ ಹೊತ್ತಿನಲ್ಲಿಯೋ? ನೂರು ರೂಪಾಯಿ ಬಾಳುವ ಪದಾರ್ಥಕ್ಕೆ ಒಬ್ಬನು ನೂರಿಪ್ಪತ್ತು ಎಂದು ಬಾಯಿಬಿಟ್ಟು ಹೇಳುತ್ತಾನೆ; ಇನ್ನೊಬ್ಬನು ನೂರು ಎಂದು ಹೇಳಿ, ಕಟ್ಟು ಕಟ್ಟಿಯಾದ ಮೇಲೆ ನೂರೈದನ್ನು ತೆಗೆದುಕೊಳ್ಳುತ್ತಾನೆ. ಲೆಕ್ಕದಂತೆ ನೋಡಿದರೆ ಎರಡನೆಯವನೇ ಸಾಧು. ಆದರೆ ಮೊದಲನೆಯವನಲ್ಲಿರುವುದು ಲೋಭ ಮಾತ್ರ; ಅವನ ಮಾತನ್ನು ಕೇಳಿದ ಗಿರಾಕಿಗೆ ಬೇಡವೆಂದು ಎದ್ದು ಹೋಗುವ ದಾರಿ ತೆರೆದೇ ಇರುತ್ತದೆ. ಎರಡನೆಯವನಾದರೋ ಐದು ರೂಪಾಯಿಗಾಗಿ ಆ ದಾರಿಯನ್ನು ಮುಚ್ಚುತ್ತಾನೆ. ಬೆಲೆಯೆಂಬುದು ಆಡಿದ ಮಾತು. ಅದನ್ನು ನಂಬಿ ಒಬ್ಬನು ತನ್ನ ಮನೆಯ ಲೆಕ್ಕವನ್ನು ಕಟ್ಟಿಕೊಂಡಿರುತ್ತಾನೆ. ಆದಕಾರಣ ಇಲ್ಲಿ ಲೋಭದ ಮೇಲೆ ಅನೃತವೂ ಸೇರಿತೆಂದು ಹೇಳಬೇಕಾಗುತ್ತದೆ.

ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಅರಸನು ಐದು ದಿನಕ್ಕೊಮ್ಮೆಯಾಗಲಿ ಪಕ್ಷಕ್ಕೊಮ್ಮೆಯಾಗಲಿ ಬೆಲೆಗಳನ್ನು ವರ್ತಕರ ಸಮಕ್ಷದಲ್ಲಿ ಗೊತ್ತುಮಾಡಬೇಕೆಂದೂ, ತಕ್ಕಡಿ ಅಳತೆಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದೂ ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಿಧಿಸಿದೆ. ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ ನೂರಕ್ಕೆ 10 ಲಾಭವೆಂದು ಕೌಟಿಲ್ಯನೂ ಯಾಜ್ಞವಲ್ಕ್ಯನೂ ಒಂದೇ ರೀತಿಯಾಗಿ ಹೇಳಿರುತ್ತಾರೆ. ಇದಕ್ಕಿಂತಲೂ ಪ್ರಕೃತಕ್ಕೆ ಹತ್ತಿರವಾದುದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಇನ್ನೊಂದು ಮಾತು. ಸರಕಿಗಾಗಿ ತಗಲಿದ ಖರ್ಚನ್ನು ಸರಕಿನ ಮೇಲೆ ಮೊದಲೇ ಇಟ್ಟು, ಕೊಳ್ಳುವವನಿಗೂ ಮಾರುವವನಿಗೂ ಅನುಗ್ರಹವಾಗುವಂತೆ ಬೆಲೆಯನ್ನು ನಿರ್ಣಯಿಸಬೇಕೆಂಬುದು ಅದರ ತಾತ್ಪರ್ಯ. ಬಂಡಿಯ ಬಾಡಿಗೆ, ಹಮಾಲಿ, ಸುಂಕ, ಇವೆಲ್ಲ ಸುಳ್ಳೆಂದು ಶಾಸ್ತ್ರವು ಹೇಳಲಿಲ್ಲ. ಅವು ಬೆಲೆಯ ಒಳಗಿರಬೇಕು, ಬೆಲೆಗಿಂತ ಮುಂಚೆ ಇರಬೇಕು ಎಂದಿತು. ಇಂದಿನ ವರ್ತಕನು ತನ್ನ ಸಮರ್ಥನೆಗಾಗಿ ಹೇಳುವ ಯಾವತ್ತೂ ಖರ್ಚುಗಳಿಗೆ ಅಲ್ಲಿ ಸ್ಥಾನವಿದೆ. ತಡವಾಗಿ ಹೇಳುವುದಕ್ಕೆ ಮಾತ್ರ ಇಲ್ಲ.

ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣಪಟ್ಟಣದಲ್ಲಿದ್ದವನು. ನೊಳಂಬವಾಡಿಯನ್ನಾಳಿದ ಉಚ್ಚಂಗಿಯ ಪಾಂಡ್ಯರು ಆ ಚಾಲುಕ್ಯರಿಗೇ ಸಾಮಂತರಾಗಿದ್ದರು. ಆ ಕಾಲದ ಶಾಸನಗಳಲ್ಲಿ ವರ್ತಕರು ಕೂಡಿ ಹೇರಿಗೆ ಇಷ್ಟು, ಎಲೆಯ ಹೊರೆಗೆ ಇಷ್ಟು, ಗಾಣಕ್ಕೆ ಇಷ್ಟು ಎಣ್ಣೆ ಎಂದು ದೇವಾಲಯಗಳಿಗೆ ಆಯವನ್ನು ಬಿಟ್ಟುಕೊಟ್ಟ ಸಂಗತಿಗಳು ಎಷ್ಟೋ ಇವೆ. ಅದೂ ಸರಕಿನ ಮೇಲಣ ಹೆಚ್ಚುವರಿಯೇ. ಕಡೆಗೆ ಅದನ್ನು ಕೊಳ್ಳುವವನೇ ಹೊತ್ತಿರಲೂಬಹುದು. ಆದರೆ ಅದರ ಮೊತ್ತವೇನು, ಯಾರಿಗೆ, ಏತಕ್ಕೆ ಎಂಬುದನ್ನು ಕಲ್ಲಿನ ಮೇಲೆ ಕಂಡರಿಸಿ ಎಲ್ಲರೂ ಓಡಾಡುವ ಕಡೆಯಲ್ಲಿ ನಿಲ್ಲಿಸಿದ್ದರು. ಇಂದು ಅದೇ ಬಗೆಯ ಸಾಲು ಕನ್ನಡಕವಿಟ್ಟರೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತದೆ.

ಪ್ರಶ್ನೆಯನ್ನು ಉಚ್ಚಂಗಿದುರ್ಗದ ಬೆಟ್ಟದ ಮೇಲೆಯೇ ಇಟ್ಟು ನೋಡಬಹುದು. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ದರ್ಶನಕ್ಕಾಗಿ ಸುತ್ತಣ ಸೀಮೆಯ ಜನರು ಕೋಟೆಯ ಮೆಟ್ಟಿಲುಗಳನ್ನು ಹತ್ತುವರು. ಮಾಘಮಾಸದ ಬಿಸಿಲಾದರೂ ಆ ಬಂಡೆಗಳ ಮೇಲೆ ಅದು ಸಣ್ಣ ಬಿಸಿಲಲ್ಲ. ಮೇಲೆ ಒಬ್ಬ ಹುಡುಗನು ನೀರಿನ ಬಾಟಲಿಗಳನ್ನಿಟ್ಟುಕೊಂಡು ಕುಳಿತಿದ್ದಾನೆಂದು ಭಾವಿಸೋಣ. ಕೊಳ್ಳಬಂದವಳಿಗೆ ಅವನು, "ಕೆಳಗಿಂದ ಹೊತ್ಕೊಂಡು ಬಂದೀನಿ ಯಮ್ಮಾ, ಐದು ರೂಪಾಯಿ ಹೆಚ್ಚಾಗ್ತೈತಿ, ಬೇಕಾದ್ರ ತಗೊಳ್ರಿ" ಎನ್ನುತ್ತಾನೆ. ಕೆಳಗೆ, ಬಸ್ಸು ನಿಲ್ಲುವ ಕಡೆಯಲ್ಲಿ, ಇನ್ನೊಬ್ಬನು ಏನೂ ಹೇಳದೆ ಬಾಟಲಿಯನ್ನು ಕೊಡುತ್ತಾನೆ. ಮುಚ್ಚಳ ತಿರುಗಿ ಮಗುವು ಎರಡು ಗುಟುಕು ಕುಡಿಯುವವರೆಗೂ ಸುಮ್ಮನಿದ್ದು, ಅನಂತರ "ಫ್ರಿಜ್ಜಿನದು, ಐದು ರೂಪಾಯಿ ಹೆಚ್ಚು" ಎನ್ನುತ್ತಾನೆ. ಅಚ್ಚಾದ ಗರಿಷ್ಠ ಬೆಲೆಯನ್ನು ಅಂಗಡಿಯವನು ಮೀರಕೂಡದೆಂಬ ಕಾನೂನಿನ ಕಣ್ಣಿಗೆ ಇಬ್ಬರೂ ಸಮಾನ ಅಪರಾಧಿಗಳು. ಧರ್ಮದ ಕಣ್ಣಿಗೆ ಹಾಗೆ ಕಾಣಲಾರರು. ಮೇಲಿನವನು ಬೆವರು ಸುರಿಸಿದ್ದಾನೆ. ಅದಕ್ಕಿಂತ ಹೆಚ್ಚಾಗಿ, ಕೊಡುವ ಮುಂಚೆ ಹೇಳಿದ್ದಾನೆ. ಕೆಳಗಿನವನು ಮಗುವಿನ ಬಾಯಾರಿಕೆಯನ್ನು ತಾಯಿಯ ಮೇಲೆ ಪತ್ರಬರೆಸಿಕೊಂಡ ಸಾಲದಂತೆ ಉಪಯೋಗಿಸಿದ್ದಾನೆ.

ಹಾಗೆಂದು ಮೇಲಿನ ಹುಡುಗನನ್ನು ಪೂರ್ಣವಾಗಿ ನಿರ್ದೋಷಿಯೆನ್ನುವುದೂ ಸುಲಭವಲ್ಲ. ಬೆಟ್ಟದ ನೆತ್ತಿಯಲ್ಲಿ ನಾಲಗೆ ಒಣಗಿದವಳು ಹೇಳುವ "ಆಗಲಿ" ಎಂಬ ಮಾತನ್ನು ಎಷ್ಟರಮಟ್ಟಿಗೆ ಸಮ್ಮತಿಯೆಂದು ಎಣಿಸಬಹುದು? ಬೇಡವೆಂದು ಹೋಗುವ ದಾರಿ ಅಲ್ಲಿಯೂ ಇಲ್ಲ. ಕಾನೂನು ಇಬ್ಬರನ್ನೂ ಒಂದೇ ಗೆರೆಯ ಹಿಂದೆ ನಿಲ್ಲಿಸುವುದಕ್ಕೆ ಕಾರಣವು ಇದೇ ಇರಬೇಕು. ಹಿಂದಿನವರು ಇಂಥ ಸ್ಥಳಗಳಲ್ಲಿ ಅರವಟ್ಟಿಗೆಯನ್ನಿಟ್ಟು ಈ ಕಠಿನವಾದ ಚರ್ಚೆಯೇ ಹುಟ್ಟದಂತೆ ಮಾಡುತ್ತಿದ್ದರು; ಅದೂ ಒಂದು ಶಾಸ್ತ್ರಜ್ಞಾನವೇ.

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಯು ಧರ್ಮವನ್ನು ತಿಳಿಯುವುದಕ್ಕೆ ಕಾಶಿಯ ತುಲಾಧಾರನೆಂಬ ವರ್ತಕನ ಬಳಿಗೆ ಹೋಗಬೇಕಾಯಿತಷ್ಟೆ. ಜಡೆಯಲ್ಲಿ ಹಕ್ಕಿಗಳು ಗೂಡುಕಟ್ಟುವವರೆಗೆ ನಿಂತ ತಪಸ್ಸಿಗೆ ದೊರೆಯದ ಅರಿವು ಅಂಗಡಿಯಲ್ಲಿ ಕುಳಿತವನಿಗೆ ಹೇಗೆ ದೊರೆಯಿತೆಂದು ಬಾಲವಿದ್ಯಾರ್ಥಿಗಳು ಕೇಳುವುದುಂಟು. ಅವನ ತಕ್ಕಡಿಯು ಎಲ್ಲರಿಗೂ ಸಮ ಎಂಬುದೇ ಉತ್ತರ. ತಕ್ಕಡಿಯ ಇನ್ನೊಂದು ಗುಣವನ್ನೂ ಇಲ್ಲಿ ಗಮನಿಸಬಹುದು: ಅದು ಗಿರಾಕಿಯ ಕಣ್ಣೆದುರಿಗೆ ತೂಗುತ್ತದೆ. ಒಳಮನೆಯಲ್ಲಿ ತೂಗಿ ತಂದುಕೊಟ್ಟರೆ, ತೂಕವು ಸರಿಯಾಗಿದ್ದರೂ, ಯಾರೂ ಒಪ್ಪುವುದಿಲ್ಲ. ಬೆಲೆಗೂ ಈ ನ್ಯಾಯ ಸಲ್ಲಬೇಡವೆ?

"ಗಿರಾಕಿ ಮೊದಲೇ ಕೇಳಿಕೊಳ್ಳಬೇಕಾಗಿತ್ತು" ಎಂಬುದು ವರ್ತಕರ ಕಡೆಯ ವಾದ. ಓದಬಲ್ಲ, ವಾದಿಸಬಲ್ಲ ಗಿರಾಕಿಗೆ ಇದು ಸ್ವಲ್ಪಮಟ್ಟಿಗೆ ಸಂದೀತು. ಬುತ್ತಿಗಂಟಿನ ತುದಿಯಲ್ಲಿ ಎಣಿಸಿದ ದುಡ್ಡನ್ನು ಕಟ್ಟಿಕೊಂಡು ಬಂದವಳಿಗೆ ಸಲ್ಲದು. ಅವಳಿಗೆ ನಷ್ಟವಾಗುವುದು ಐದು ರೂಪಾಯಿ ಮಾತ್ರವಲ್ಲ. ಹಿಂದೆ ನಿಂತವರೆಲ್ಲರ ಮುಂದೆ ಅವಳು ಒಂದು ಪದಾರ್ಥವನ್ನು ತೆಗೆದು ಹಿಂದಕ್ಕಿಡಬೇಕಾಗುತ್ತದೆ. "ಎಲ್ಲರೂ ಹೀಗೆಯೇ ಮಾಡುತ್ತಾರೆ" ಎಂಬ ಇನ್ನೊಂದು ವಾದವಾದರೋ ನಿಜಕ್ಕೆ ಹತ್ತಿರವಾದುದರಿಂದಲೇ ಹೆಚ್ಚು ಭಯಂಕರ. ಊಟಕ್ಕೆ 80 ರೂಪಾಯಿ ಎಂದು ಪೂರ್ಣವಾಗಿ ಬರೆದವನ ಹೋಟೆಲನ್ನು ದಾಟಿ, 70 ಎಂದು ಬರೆದು 85 ತೆಗೆದುಕೊಳ್ಳುವವನ ಹೋಟೆಲಿಗೆ ಜನರು ನುಗ್ಗಿದರೆ, ಮೊದಲನೆಯವನು ಎಷ್ಟು ದಿನ ಸತ್ಯವನ್ನು ಸಾಕಿಯಾನು? ಈ ಪಾಪದಲ್ಲಿ ಕೊಳ್ಳುವವರಿಗೂ ಪಾಲಿದೆ. ಕಿವಿಗೆ ಕಡಮೆಯಾಗಿ ಕೇಳಿಸಿದ ಬೆಲೆಯ ಹಿಂದೆ ಓಡುವವರು, ಬಡ ವ್ಯಾಪಾರಿಯನ್ನು ಅಸಲಿಗಿಂತ ಕೆಳಗೆ ಎಳೆದು ಚೌಕಾಶಿಮಾಡುವವರು, ಅವನಿಗೆ ಸುಳ್ಳನ್ನು ಕಲಿಸುವ ಗುರುಗಳೇ ಆಗಿರುತ್ತಾರೆ.

ರಾಜ್ಯದ ಕಡೆಯಿಂದ ಪ್ರಯತ್ನಗಳು ನಡೆಯದೆ ಇಲ್ಲ. 1977ರ ನಿಯಮಗಳ ಕಾಲದಲ್ಲಿ ಪೊಟ್ಟಣಗಳ ಮೇಲೆ ಬೆಲೆಯನ್ನು ಅಚ್ಚುಮಾಡಿ "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂದು ಸೇರಿಸುವುದಕ್ಕೆ ಅವಕಾಶವಿತ್ತು. ಆ ತೆರಿಗೆ ಎಷ್ಟೆಂಬುದು ಗಿರಾಕಿಗೆ ತಿಳಿಯದು. ಅಂಗಡಿಯವನು ಹೇಳಿದಷ್ಟೇ ತೆರಿಗೆ. 1990ರಲ್ಲಿ ಅದನ್ನು ತಿದ್ದಿ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನೇ ಅಚ್ಚುಮಾಡಬೇಕೆಂದು ಮಾಡಿದರು. ಯಾಜ್ಞವಲ್ಕ್ಯನ ಮಾತು ಎಷ್ಟೋ ಶತಮಾನಗಳ ಮೇಲೆ ಬಿಸ್ಕತ್ತಿನ ಪೊಟ್ಟಣದ ಮೇಲೆ ಬಂದಿತೆಂದು ಹೇಳಿದರೆ ಪಂಡಿತರು ನಗಬಹುದು, ತಾತ್ಪರ್ಯವೇನೋ ಅದೇ. ಹೋಟೆಲುಗಳಲ್ಲಿ ಕುಳಿತು ಸೇವಿಸುವ ನೀರಿಗೆ ಈ ಕಟ್ಟು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. ಸೇವಾಶುಲ್ಕವನ್ನು ಗಿರಾಕಿಯನ್ನು ಕೇಳದೆ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಸೂಚನೆಗಳನ್ನು ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ಮೊಬೈಲು ವ್ಯಾಪಾರದಲ್ಲಿ ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದು, ಗಿರಾಕಿಯ ಬುಟ್ಟಿಗೆ ಅವನರಿಯದಂತೆ ಇನ್ನೊಂದನ್ನು ಹಾಕುವುದು ಮುಂತಾದ 13 ಬಗೆಯ ಕಪಟಗಳನ್ನು 2023ರ ನವೆಂಬರಿನಲ್ಲಿ ಹೆಸರಿಟ್ಟು ನಿಷೇಧಿಸಲಾಯಿತು. ದೂರು ಹೇಳಲು 1915 ಎಂಬ ದೂರವಾಣಿ ಸಂಖ್ಯೆಯೂ ಇದೆ. ಆದರೂ ಎರಡು ರೂಪಾಯಿಗಾಗಿ ದೂರು ಬರೆಯುವವರು ಯಾರು? ಬರೆಯಹೊರಟವನನ್ನು ಊರೇ ಜಿಪುಣನೆಂದು ನಗುತ್ತದೆ. ಈ ಅಧರ್ಮಕ್ಕೆ ಅದರ ಅಲ್ಪತ್ವವೇ ಕೋಟೆ. ಪಾಂಡ್ಯರ ಕೋಟೆಯನ್ನಾದರೂ ಶತ್ರುಗಳು ಹತ್ತಿದರು, ಇದನ್ನು ಹತ್ತುವುದು ಕಷ್ಟ.

ಅಂಗಡಿಯವರನ್ನು ದೂಷಿಸುವಾಗ ವಿದ್ಯಾಶಾಲೆಗಳನ್ನು ಬಿಟ್ಟುಬಿಡುವುದು ಪಕ್ಷಪಾತವಾದೀತು. ಕರ್ನಾಟಕದಲ್ಲಿ ವಂತಿಗೆಯನ್ನು ನಿಷೇಧಿಸುವ ಕಾನೂನು 1984ರಲ್ಲಿಯೇ ಆಯಿತು. ಆ ಬಳಿಕವೂ ಬೋಧನಶುಲ್ಕವೆಂದು ಒಂದನ್ನು ಹೇಳಿ, ಮಗುವು ಸಮವಸ್ತ್ರ ತೊಟ್ಟು ಬಂದ ಮೇಲೆ ಅಭಿವೃದ್ಧಿಗೆಂದೂ ಕಟ್ಟಡಕ್ಕೆಂದೂ ಕೇಳುವ ಶಾಲೆಗಳು ಇಲ್ಲವೆನ್ನಲಾಗದು. ಸತ್ಯವನ್ನು ಕಲಿಸುವ ಮನೆಯ ಬಾಗಿಲಿನಲ್ಲಿಯೇ ಮೊದಲ ಪಾಠವು ತಲೆಕೆಳಗಾದರೆ, ಅಲ್ಲಿ ಕಲಿತವನು ಮುಂದೆ ಅಂಗಡಿಯಿಟ್ಟಾಗ ಏನು ಮಾಡಿಯಾನು!

ಇವೆಲ್ಲಕ್ಕಿಂತಲೂ ಕ್ರೂರವಾದ ರೂಪವು ಹರಪನಹಳ್ಳಿಯ ಸೀಮೆಯಂಥ ಮೆಕ್ಕೆಜೋಳದ ನೆಲದಲ್ಲಿ ಮುಂಗಾರಿನ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಯೂರಿಯಾ ಗೊಬ್ಬರದ ಬೆಲೆಯನ್ನು ಗೊತ್ತುಮಾಡುವುದು ಸರಕಾರ. ಅಸಲು ವೆಚ್ಚದ ಬಹುಭಾಗವನ್ನು ಬೊಕ್ಕಸವೇ ಹೊತ್ತು, 45 ಕಿಲೋ ಚೀಲವನ್ನು 266 ರೂಪಾಯಿ 50 ಪೈಸೆಗೆ ರೈತನಿಗೆ ದೊರಕಿಸುವ ಏರ್ಪಾಡು ಅದು. ಸರಕು ಕಡಮೆಯಾದ ವರ್ಷಗಳಲ್ಲಿ ಕೆಲವು ಅಂಗಡಿಗಳಲ್ಲಿ ಚೀಲವನ್ನು ಆ ಬೆಲೆಗೇ ಬರೆದುಕೊಡುವರು. ಆದರೆ ಅದರೊಡನೆ ಬೇಡದ ಒಂದು ದ್ರವದ ಬಾಟಲಿಯನ್ನೋ ಪುಡಿಯ ಪೊಟ್ಟಣವನ್ನೋ ಕೊಳ್ಳಲೇಬೇಕೆಂದು ಕಟ್ಟುಮಾಡುವರು. ಹೀಗೆ ಗಂಟುಹಾಕಿ ಮಾರಕೂಡದೆಂದು ಸರಕಾರವು ಮತ್ತೆ ಮತ್ತೆ ಆಜ್ಞಾಪಿಸಿದೆ. ಇಲ್ಲಿ ಸುಳ್ಳು ಬೆಲೆಯ ಮೇಲೆ ಇಲ್ಲ, ಬಿಲ್ಲಿನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬಾಟಲಿಯನ್ನೂ ರೈತನೇ ಬಯಸಿ ಕೊಂಡನೆಂದು ಕಾಗದವು ಸಾಕ್ಷಿ ಹೇಳುತ್ತದೆ. ಹದವಾದ ಮಳೆ ಬಿದ್ದಿದೆ, ಪೈರು ಮೊಣಕಾಲೆತ್ತರಕ್ಕೆ ಬಂದಿದೆ, ಇಂದು ಗೊಬ್ಬರ ಬೀಳದಿದ್ದರೆ ಎಲೆ ಹಳದಿಗೆ ತಿರುಗುತ್ತದೆ. ಬೆಟ್ಟದ ಮೇಲೆ ಬಾಯಾರಿದ ತಾಯಿಯಂತೆಯೇ ಇವನೂ "ಆಗಲಿ" ಎನ್ನುತ್ತಾನೆ. ಮನೆಗೆ ಬಂದು ಚೀಲವನ್ನು ಹೊಲಕ್ಕೆ ಕಳುಹಿಸಿ ಬಾಟಲಿಯನ್ನು ಕೊಟ್ಟಿಗೆಯ ಗೂಡಿನಲ್ಲಿಡುವನು. ಅಲ್ಲಿ ಹಿಂದಿನ ಮುಂಗಾರಿನದು, ಅದರ ಹಿಂದಿನ ಮುಂಗಾರಿನದು, ಮುಚ್ಚಳವನ್ನು ತೆರೆಯದೆ ಧೂಳು ಹಿಡಿದು ನಿಂತಿರುತ್ತವೆ.