ಅತ್ತೆಯ ಡಬ್ಬಿಯಲ್ಲಿದ್ದ 1911ರ ರೂಪಾಯಿ

ಮತ್ತಾಯ 13ನೇ ಅಧ್ಯಾಯ, 44ನೇ ವಚನ ತೆಗೆಯಿರಿ. ಹೊಲದಲ್ಲಿ ನಿಧಿ ಕಂಡವನ ಸಾಮ್ಯ. ಮೊಬೈಲಲ್ಲಿ ಬೈಬಲ್ ತೆಗೆಯೋರು ಹಾಗೇ ವಾಟ್ಸಾಪ್‌ಗೆ ಹೋಗಬೇಡಿ, ಸರೀನಾ?

ಕಳೆದ ವರ್ಷದಿಂದ ಈ ವಚನ ಓದೋದು ನನಗೆ ಕಷ್ಟ ಆಗ್ತಿದೆ. ಯಾಕೆ ಅಂತ ಹೇಳ್ತೀನಿ.

ನಮ್ಮಜ್ಜಿ ಚಾಮರಾಜನಗರದಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಒಂದು ಹಿತ್ತಾಳೆ ಬಿಂದಿಗೆ, ಒಂದು ಬೈಬಲ್, ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಬ್ರಿಟಿಷರ ಕಾಲದ ಹದಿನಾಲ್ಕು ಬೆಳ್ಳಿ ರೂಪಾಯಿ. ಕೊನೆಯ ನಾಲ್ಕು ವರ್ಷ ಅಜ್ಜಿಯನ್ನು ನೋಡಿಕೊಂಡವರು ಗುಂಡ್ಲುಪೇಟೆಯ ನಮ್ಮತ್ತೆ. ಚೆಂಡುಹೂವಿನ ಹೊಲದ ಕೆಲಸ ಮುಗಿಸಿ, ತೆರಕಣಾಂಬಿ ಮೇಲೆ ಬಸ್ಸಲ್ಲಿ ಬಂದು ಅಜ್ಜಿಗೆ ಸ್ನಾನ ಮಾಡಿಸಿ ಹೋಗ್ತಿದ್ರು. ಹಾಗಾಗಿ ಡಬ್ಬಿ ಅತ್ತೆಗೆ ಅಂದಾಗ ಯಾರೂ ಎದುರು ಮಾತಾಡಲಿಲ್ಲ.

ಆರು ತಿಂಗಳಾದ ಮೇಲೆ ಮಗಳ ನರ್ಸಿಂಗ್ ಫೀಸಿಗೆ ಅತ್ತೆಗೆ ದುಡ್ಡು ಬೇಕಾಯ್ತು. ನನಗೆ ಫೋನ್ ಮಾಡಿದ್ರು. "ಅಂಗಡಿಯವರು ಮೋಸ ಮಾಡ್ತಾರೆ ಕನ ಮಗ. ನೀನೇ ತಕ್ಕೊ. ಬೆಳ್ಳಿ ರೇಟ್ ಕೊಡು, ಸಾಕು."

ಹೋದೆ. ಅವರ ಜಗುಲಿ ಮೇಲೆ ಕೂತು ಒಂದೊಂದೇ ನಾಣ್ಯ ತಿರುಗಿಸಿ ನೋಡಿದೆ. ವಿಕ್ಟೋರಿಯಾ ರಾಣಿ, ಎಡ್ವರ್ಡ್, ಐದನೇ ಜಾರ್ಜ್. ಒಂದರ ಮೇಲೆ 1911 ಅಂತಿತ್ತು. ಹಳೇ ನಾಣ್ಯಗಳ ವಿಡಿಯೋ ನೋಡೋ ಚಟ ನನಗಿದೆ, ಆದ್ದರಿಂದ ಎದೆ ಡವಡವ ಅಂತು. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಎಷ್ಟು ಗಿಡ್ಡ ಅಂದ್ರೆ ಜನ ಅದನ್ನ ಹಂದಿ ಅಂದುಕೊಂಡು ಗಲಾಟೆ ಮಾಡಿದ್ರು. ಟಂಕಿಸಿದ್ದು ಸುಮಾರು 94 ಲಕ್ಷ, ಜನರ ಕೈಗೆ ಹೋದದ್ದು 7 ಲಕ್ಷದಷ್ಟು. ಮಿಕ್ಕಿದ್ದನ್ನೆಲ್ಲ ಸರ್ಕಾರ ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿ ಹೊಸದು ಮಾಡಿತು. ಅದಕ್ಕೇ ಸಂಗ್ರಹಕಾರರು ಅದನ್ನ ಹುಡುಕ್ತಾರೆ.

ಅತ್ತೆ ಕೇಳಿದ್ರು, "ಎಲ್ಲಾ ಒಂದೇನಾ ಮಗ?"

ನಾನು ಹೇಳಿದೆ, "ಎಲ್ಲಾ ಒಂದೇ ತೂಕ ಅತ್ತೆ."

ಪ್ರಿಯರೇ, ಅದು ನಿಜ. ಆ ರೂಪಾಯಿಗಳೆಲ್ಲ 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. ಆ ಮಾತಲ್ಲಿ ಒಂದಕ್ಷರ ಸುಳ್ಳಿಲ್ಲ. ನಿಮ್ಮ ಪಾಸ್ಟರ್ ಸುಳ್ಳು ಹೇಳಲಿಲ್ಲ!

ಬೆಂಗಳೂರಲ್ಲಿ ಹಳೇ ನಾಣ್ಯಗಳ ಬೆಲೆ ಕಟ್ಟುವ ಒಬ್ಬರ ಹತ್ತಿರ ತಗೊಂಡು ಹೋದೆ. ತೂಗಿದ್ರು, ಅಂಚು ನೋಡಿದ್ರು, ಮಸೂರ ಇಟ್ಟು ಆನೆಯನ್ನು ತುಂಬ ಹೊತ್ತು ನೋಡಿದ್ರು. "ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ. ಉಜ್ಜದೇ ಇದ್ದಿದ್ರೆ ಇನ್ನೂ ಜಾಸ್ತಿ ಬರ್ತಿತ್ತು" ಅಂದ್ರು. (ಮನೆಯಲ್ಲಿ ಹಳೇ ನಾಣ್ಯ ಇದ್ದರೆ ದಯವಿಟ್ಟು ತೊಳೀಬೇಡಿ.) ಹದಿಮೂರಕ್ಕೆ ಬೆಳ್ಳಿ ಬೆಲೆ. ಇದೊಂದಕ್ಕೆ ಅದರ ಹಲವು ಪಟ್ಟು. "ಯಾರದು ಇದು?" ಅಂತ ಕೇಳಿದ್ರು. "ನಮ್ಮ ಮನೇದು" ಅಂದೆ. ಅದೂ ನಿಜವೇ.

ಆ ರಾತ್ರಿ ಈ ವಚನ ನನಗೆ ನೆನಪಾಯ್ತು. ನೆನಪಾಯ್ತು ಅನ್ನೋದು ತಪ್ಪು, ನಾನೇ ಹುಡುಕಿದೆ. ನೋಡಿ, ನಿಧಿ ಕಂಡವನು ಅದನ್ನ ಮುಚ್ಚಿಟ್ಟ, ಹೊಲದ ಯಜಮಾನನಿಗೆ ಹೇಳಲಿಲ್ಲ, ಹೊಲ ಕೊಂಡ. ಯೇಸುವೇ ಹೇಳಿದ ಕಥೆ! ಆದರೆ ಯೇಸು ಅಲ್ಲಿ ಜಮೀನು ವ್ಯವಹಾರ ಕಲಿಸ್ತಿಲ್ಲ, ಇದ್ದದ್ದೆಲ್ಲ ಮಾರಿಬಿಡುವಷ್ಟು ದೊಡ್ಡ ಸಂತೋಷದ ಬಗ್ಗೆ ಮಾತಾಡ್ತಿದ್ದಾರೆ. ನಮ್ಮ ದೇಶದಲ್ಲಂತೂ 1878ರ ಕಾಯ್ದೆಯಿಂದಲೂ ನೆಲದಲ್ಲಿ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ನಾನು ಆ ಸಾಮ್ಯದಲ್ಲಿ ಹುಡುಕಿದ್ದು ದೇವರ ರಾಜ್ಯ ಅಲ್ಲ, ಒಂದು ರಸೀದಿ.

ಕೆಲವರು ಕೇಳ್ತೀರಿ: ಪಾಸ್ಟರ್, ಜ್ಞಾನಕ್ಕೂ ಬೆಲೆ ಇದೆ ಅಲ್ವಾ? ಕಲಿತದ್ದು ನೀವು, ಕಲಿಯದೇ ಇದ್ದದ್ದು ಅವರು. ಒಳ್ಳೇ ಪ್ರಶ್ನೆ, ಹಳೇ ಪ್ರಶ್ನೆ ಕೂಡ. ಯೇಸು ಹುಟ್ಟುವ ಮೊದಲೇ ರೋಮಿನ ಸಿಸೆರೊ ಇದನ್ನ ಬರೆದಿದ್ದಾನೆ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಧಾನ್ಯ ತರ್ತಾನೆ. ಹಿಂದೆ ಇನ್ನಷ್ಟು ಹಡಗು ಬರ್ತಿರೋದು ಅವನಿಗೆ ಮಾತ್ರ ಗೊತ್ತು. ಹೇಳಬೇಕಾ? ಸುಮ್ಮನಿರೋದೂ ಮುಚ್ಚಿಡೋದೂ ಬೇರೆ ಅಂತ ಒಬ್ಬ ಪಂಡಿತ ವಾದಿಸ್ತಾನೆ, ಇನ್ನೊಬ್ಬ ಒಪ್ಪಲ್ಲ. ಸಂತೆಯಲ್ಲಿ ಇಬ್ಬರು ವ್ಯಾಪಾರಿಗಳು ಎದುರು ಬದುರು ಕೂತಿದ್ರೆ ನಾನೂ ಅಷ್ಟು ಕಟ್ಟುನಿಟ್ಟು ಮಾಡಲ್ಲ, ಇಬ್ಬರಿಗೂ ಆಟ ಗೊತ್ತಿರುತ್ತೆ. ಆದರೆ ಅತ್ತೆ ನನ್ನ ಹತ್ತಿರ ಬಂದದ್ದೇ ವ್ಯಾಪಾರಿಗೆ ಹೆದರಿ. ಅವರು ನನ್ನ ನಂಬಿದ್ರು, ಆ ನಂಬಿಕೆಯ ಮೇಲೇ ನಾನು ಲಾಭ ಮಾಡಿದೆ. ಜ್ಞಾನೋಕ್ತಿ 20:14ರಲ್ಲಿ ಕೊಳ್ಳುವಾಗ ಹೀಗಳೆದು, ಆಮೇಲೆ ಹೊಗಳಿಕೊಳ್ಳುವವನೊಬ್ಬ ಇದ್ದಾನೆ. ಅವನು ನನಗಿಂತ ವಾಸಿ, ಗಟ್ಟಿಯಾಗಿ ಸುಳ್ಳಾದರೂ ಹೇಳಿದ.

ಮೂರು ವಾರ ಆ ನಾಣ್ಯ ನನ್ನ ಮೇಜಿನ ಡ್ರಾಯರಲ್ಲಿತ್ತು. ಪ್ರಾರ್ಥನೆಗೆ ಮೊಣಕಾಲೂರಿದ್ರೆ ಆ ಡ್ರಾಯರ್ ಸರಿಯಾಗಿ ಕಣ್ಣೆದುರಿಗೇ ಬರ್ತಿತ್ತು. ಕೊನೆಗೆ ಫೋನ್ ಮಾಡಿದೆ. "ಅತ್ತೆ, ಅದರಲ್ಲಿ ಒಂದಕ್ಕೆ ಬೆಲೆ ಜಾಸ್ತಿ ಇದೆಯಂತೆ, ತೋರಿಸಿದೆ, ವಾಪಸ್ ತಂದುಕೊಡ್ತೀನಿ" ಅಂದೆ. ಎಷ್ಟು ಅಂತ ಕೇಳ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಅವತ್ತೇ ಗೊತ್ತಿತ್ತಾ ಮಗ ನಿಂಗೆ?"

ನಾನು ಬಾಯಿ ಬಿಡೋಕೆ ತುಂಬ ಹೊತ್ತು ಹಿಡೀತು. "ಗೊತ್ತಿತ್ತು ಅತ್ತೆ."

ಆ ಕಡೆ ಅವರೂ ಸುಮ್ಮನಿದ್ರು. ಆಮೇಲೆ, "ಭಾನುವಾರ ಕೂಟ ಮುಗಿಸ್ಕೊಂಡು ಬಾ. ಉಂಡ್ಯಾ?" ಅಂದ್ರು.

ಕಣ್ಣು ಮುಚ್ಚಿ. ಪ್ರಾರ್ಥಿಸೋಣ.