ಹೆಣಿಗೆಯ ತೆರಪು

ಅನ್ನವಿಲ್ಲದೆ ಹಸಿದಿರುವವನ ಉದರವೂ ಏಕಾದಶಿಯ ವ್ರತವನ್ನು ಹಿಡಿದವನ ಉದರವೂ ಸಾಯಂಕಾಲದ ವೇಳೆಗೆ ಸಮಾನವಾಗಿಯೇ ಬರಿದಾಗಿರುವುವು. ಆದರೂ ಒಂದನ್ನು ದಾರಿದ್ರ್ಯವೆಂದು ಮರುಗುವೆವು, ಇನ್ನೊಂದನ್ನು ತಪಸ್ಸೆಂದು ಗೌರವಿಸುವೆವು. ಈ ಭೇದಕ್ಕೆ ಆಧಾರವೇನೆಂಬುದನ್ನು ಆಲೋಚಿಸುವವರಿಗೆ ಅತಿ ಸಾಮಾನ್ಯವಾದ ಒಂದು ಕೈಗೆಲಸವನ್ನು ಸೂಚಿಸಬಯಸುವೆನು: ಹತ್ತಿಯ ನೂಲಿನಿಂದ, ಎರಡು ಕಡ್ಡಿಗಳ ಸಹಾಯದಿಂದ, ಮುಖವನ್ನೊರೆಸಿಕೊಳ್ಳುವ ಒಂದು ಚೌಕವನ್ನು ಲೇಸಿನ ಹೆಣಿಗೆಯಲ್ಲಿ ಹೆಣೆಯುವುದು.

ಲೇಸೆಂದೊಡನೆ ಹೊಸಬರು ಅಂಜುವುದುಂಟು. ಸ್ಕಾಟ್ಲೆಂಡಿನ ಉತ್ತರಕ್ಕೆ ಕಡಲಿನ ನಡುವೆ ಇರುವ ಷೆಟ್‌ಲೆಂಡ್ ದ್ವೀಪಗಳಲ್ಲಿ, ವಿಶೇಷವಾಗಿ ಉತ್ತರದ ಕೊನೆಯಲ್ಲಿರುವ ಅನ್‌ಸ್ಟ್ ದ್ವೀಪದಲ್ಲಿ, 19ನೆಯ ಶತಮಾನದ ಸ್ತ್ರೀಯರು ನವಿರಾದ ಕುರಿಯುಣ್ಣೆಯನ್ನು ನೂತು ಹೆಣೆದ ಶಾಲುಗಳು ವಿವಾಹದ ಉಂಗುರದೊಳಗಿಂದ ಹಾದುಹೋಗುವಷ್ಟು ಸೂಕ್ಷ್ಮವಾಗಿದ್ದುವೆಂಬ ಖ್ಯಾತಿಯನ್ನು ಕೇಳಿದವರಿಗೆ ಆ ಅಂಜಿಕೆ ಸಹಜವೇ. ಆದರೆ ಅದೇ ದ್ವೀಪಗಳಿಂದ ಬಂದ, ಓಲ್ಡ್ ಶೇಲ್ ಎಂದು ಹೆಸರಾದ, ತೆರೆಗಳಂತೆ ಬಳುಕುವ ವಿನ್ಯಾಸವು ಕೇವಲ ನಾಲ್ಕು ಸಾಲುಗಳ ಆವರ್ತನೆ. ಅದರಲ್ಲಿ ಮೂರು ಸಾಲುಗಳು ಸೀದಾ ಮತ್ತು ಉಲ್ಟಾ ಹೆಣಿಗೆಯಷ್ಟೆ, ಒಂದೇ ಒಂದು ಸಾಲಿನಲ್ಲಿ ತೆರಪುಗಳು ಹುಟ್ಟುವುವು. ಅಂಚಿಗೆ ಎರಡು ಕಡೆಯೂ ಮೂರು ಮೂರು ಕುಣಿಕೆಗಳನ್ನು ಬಿಟ್ಟು, ನಡುವೆ ಹದಿನೆಂಟು ಕುಣಿಕೆಗಳ ವಿನ್ಯಾಸವನ್ನು ಎರಡು ಸಲ ಕೂಡಿಸಿದರೆ 42 ಕುಣಿಕೆಗಳಾಗುವುವು. ಮಧ್ಯಮ ಗಾತ್ರದ ನೂಲಿನಲ್ಲಿ ಒಂದು ಮುಖವಸ್ತ್ರಕ್ಕೆ ಇಷ್ಟು ಅಗಲ ಸಾಕು.

ಆ ಒಂದು ಸಾಲಿನಲ್ಲಿ ನಡೆಯುವುದನ್ನು ಸಾವಧಾನವಾಗಿ ನೋಡಬೇಕು. ಹದಿನೆಂಟು ಕುಣಿಕೆಗಳಲ್ಲಿ ಮೊದಲಿನ ಆರನ್ನು ಎರಡೆರಡಾಗಿ ಸೇರಿಸಿ ಮೂರು ಮಾಡುವುದು. ನಡುವಿನ ಆರು ಕುಣಿಕೆಗಳಲ್ಲಿ ಪ್ರತಿಯೊಂದನ್ನು ಹೆಣೆಯುವ ಮೊದಲು ನೂಲನ್ನು ಕಡ್ಡಿಯ ಮೇಲೆ ಒಂದು ಸುತ್ತು ಹೆಚ್ಚಾಗಿ ತರುವುದು. ಕೊನೆಯ ಆರನ್ನು ಪುನಃ ಎರಡೆರಡಾಗಿ ಸೇರಿಸುವುದು. ಮುಂದಿನ ಸಾಲಿನಲ್ಲಿ ಆ ಸುತ್ತುಗಳನ್ನೂ ಕುಣಿಕೆಗಳಂತೆಯೇ ಹೆಣೆದಾಗ ಅವುಗಳ ಕೆಳಗೆ ಆರು ತೆರಪುಗಳು ಬಾಯ್ದೆರೆಯುವುವು, ಎಣಿಸಿದರೆ ಕುಣಿಕೆಗಳು ಮತ್ತೆ ಹದಿನೆಂಟೇ ಆಗಿರುವುವು. ತೆರಪೆಂಬುದು ನೂಲನ್ನು ಕಳೆದುದರಿಂದ ಆದುದಲ್ಲ, ಒಂದು ಸುತ್ತು ಕೂಡಿಸಿದುದರಿಂದ ಆದುದು. ಕಡ್ಡಿಯಿಂದ ಅರಿವಿಲ್ಲದೆ ಜಾರಿದ ಕುಣಿಕೆಯೂ ಬಟ್ಟೆಯಲ್ಲಿ ತೂತನ್ನು ಮಾಡುವುದು ನಿಜ. ಆದರೆ ಅದು ಒಂದು ಸಾಲಿಗೆ ನಿಲ್ಲದೆ, ತಡೆಯುವವರಿಲ್ಲದಿದ್ದರೆ ಸಾಲಿನಿಂದ ಸಾಲಿಗೆ ಕೆಳಗಿಳಿಯುತ್ತ ಹೋಗುವುದು.

ನಮ್ಮ ತಾರ್ಕಿಕರು ನೂಲನ್ನೂ ವಸ್ತ್ರವನ್ನೂ ಎಷ್ಟು ಆದರಿಸಿರುವರೆಂಬುದನ್ನು ಇಲ್ಲಿ ನೆನೆಯಬೇಕು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಕಾರಣದ ಮೂರು ವಿಧಗಳನ್ನು ತಿಳಿಸುವಾಗ ತಂತುಗಳು, ತಂತುಗಳ ಸಂಯೋಗ, ಮಗ್ಗದ ಲಾಳಿ ಮೊದಲಾದುವೇ ಉದಾಹರಣೆಗಳು. ಅದೇ ಗ್ರಂಥವು ಅಭಾವವನ್ನು ಏಳನೆಯ ಪದಾರ್ಥವಾಗಿ ಗಣಿಸಿ, ಇಲ್ಲದಿರುವುದಕ್ಕೂ ಆಶ್ರಯವೊಂದುಂಟು, ಇಂಥದರ ಅಭಾವವೆಂಬ ನಿರ್ದೇಶವೂ ಉಂಟು ಎಂಬ ಪಕ್ಷದಲ್ಲಿ ನಿಲ್ಲುವುದು. ಆ ದೃಷ್ಟಿಯಿಂದ ನೋಡಿದರೆ ಜಾರಿದ ತೂತಿಗೂ ಹೆಣೆದ ತೆರಪಿಗೂ ಭೇದವಿಲ್ಲ: ಎರಡಕ್ಕೂ ವಸ್ತ್ರವೇ ಆಶ್ರಯ, ಎರಡರಲ್ಲಿಯೂ ಇಲ್ಲದಿರುವುದು ನೂಲೇ. ಅಭಾವವು ಸತ್ಯವೆಂದು ಸಾಧಿಸಿದುದು ತಾರ್ಕಿಕರ ದೊಡ್ಡ ಉಪಕಾರ. ಆದರೆ ತ್ಯಾಗದ ವಿಚಾರಕ್ಕೆ ಅಷ್ಟು ಸಾಲದು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು. ಮೋಹದಿಂದ ಕರ್ತವ್ಯವನ್ನು ಬಿಟ್ಟರೆ ಅದು ತಾಮಸ, ದೇಹಶ್ರಮದ ಭಯದಿಂದ ಬಿಟ್ಟರೆ ರಾಜಸ, ಕರ್ತವ್ಯವನ್ನು ಮಾಡುತ್ತಲೇ ಸಂಗವನ್ನೂ ಫಲವನ್ನೂ ಬಿಟ್ಟರೆ ಸಾತ್ತ್ವಿಕ ಎಂಬ ವಿಭಾಗದಿಂದ ತ್ಯಾಗಿಯ ಅಂತರಂಗವು ಪರೀಕ್ಷೆಗೊಳಗಾಗುವುದು. ಈ ಪರೀಕ್ಷೆಯನ್ನು ನಾನು ಶಿರಸಾ ವಹಿಸುವೆನು. ಆದರೂ ಲೇಸಿನ ಸಾಲು ಇನ್ನೊಂದು ಪ್ರಶ್ನೆಯನ್ನು ಮುಂದಿಡುತ್ತಿರುವುದು: ನಡುವೆ ಆರು ತೆರಪುಗಳು ತೆರೆದುಕೊಂಡಾಗ, ಇಕ್ಕೆಲಗಳಲ್ಲಿ ಎರಡೆರಡಾಗಿ ಕೂಡಿ ಭಾರವನ್ನು ಹೊತ್ತ ಆ ಹನ್ನೆರಡು ಕುಣಿಕೆಗಳ ಗತಿಯೇನು? ಅವು ಇಲ್ಲದಿದ್ದರೆ ಪ್ರತಿ ಆವರ್ತನೆಗೂ ವಸ್ತ್ರವು ಅಗಲವಾಗುತ್ತ ಹೋಗಿ ತನ್ನ ಆಕಾರವನ್ನೇ ಕಳೆದುಕೊಳ್ಳುವುದು. ಒಬ್ಬನ ತ್ಯಾಗವು ತ್ಯಾಗವಾಗಬೇಕಾದರೆ ಅವನ ಮನಸ್ಸು ಶುದ್ಧವಾಗಿದ್ದರೆ ಮಾತ್ರ ಸಾಲದು, ಅದರ ಭಾರವನ್ನು ಹೊರುವವರು ಯಾರೆಂಬುದು ಮೊದಲೇ ನಿಶ್ಚಿತವಾಗಿ, ಅವರು ಅದನ್ನು ಒಪ್ಪಿ ಹೊತ್ತಿರಬೇಕು ಎಂಬುದೇ ನನ್ನ ಅಭಿಪ್ರಾಯ.

ಜೈನಧರ್ಮದ ವ್ಯವಸ್ಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುವುದು. ದಿಗಂಬರ ಮುನಿಯು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತನ್ನ ಕೈಗಳನ್ನೇ ಪಾತ್ರೆಯಾಗಿ ಹಿಡಿದು ಆಹಾರವನ್ನು ಸ್ವೀಕರಿಸುವನು; ಆ ಬರಿಗೈಗೆ ಆಹಾರವನ್ನು ನೀಡುವ ಗೃಹಸ್ಥನ ದಾನವೂ ಧರ್ಮವೇ ಆಗಿರುವುದು, ಮತ್ತು ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಈ ನಾಲ್ವರೂ ಕೂಡಿದರೆ ಮಾತ್ರ ಸಂಘವೆನಿಸುವುದು. ಸರ್ವಸ್ವವನ್ನೂ ಬಿಟ್ಟವನ ಪಕ್ಕದಲ್ಲಿಯೇ ಎಲ್ಲವನ್ನೂ ಹೊತ್ತವನನ್ನು ಶಾಸ್ತ್ರವು ನಿಲ್ಲಿಸಿ, ಅವನಿಗೂ ಹೆಸರನ್ನೂ ವ್ರತಗಳನ್ನೂ ಕೊಟ್ಟಿರುವುದು.

ಇದಕ್ಕೆ ವಿರುದ್ಧವಾದುದನ್ನು ನಮ್ಮ ಅಗ್ರಹಾರಗಳ ಮನೆಗಳಲ್ಲಿ ಕಾಣಲು ದೂರ ಹೋಗಬೇಕಾಗಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯ ಕೂದಲನ್ನು ತೆಗೆಸಿ, ಬಣ್ಣದ ಸೀರೆಯನ್ನು ಬಿಡಿಸಿ, ಒಪ್ಪೊತ್ತಿನ ಊಟಕ್ಕೆ ಅವಳನ್ನು ಕಟ್ಟಿಹಾಕಿ, ಅದನ್ನು ವೈರಾಗ್ಯವೆಂದು ಕರೆದರು. ಅವಳು ಏನನ್ನೂ ಬಿಟ್ಟಿರಲಿಲ್ಲ, ಅವಳಿಂದ ಕಸಿದುಕೊಂಡರು. ಬಿಟ್ಟವರಿಗಾಗಿ ಇತರರು ಭಾರ ಹೊರುವ ಕ್ರಮವು ಅಲ್ಲಿ ತಲೆಕೆಳಗಾಗಿ, ಬರಿದಾದವಳೇ ಇಡೀ ಮನೆಯ ಅಡಿಗೆಯನ್ನೂ ಮಡಿಯನ್ನೂ ಹೊತ್ತಳು. ಇಂಥ ಶೂನ್ಯಕ್ಕೆ ತಪಸ್ಸಿನ ಹೆಸರನ್ನು ಕೊಟ್ಟುದು ಧರ್ಮಕ್ಕೆ ನಾವು ಮಾಡಿದ ಮಹಾಪಚಾರವೆಂದು ನಿಸ್ಸಂಕೋಚವಾಗಿ ಹೇಳುವೆನು.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಗೃಹಸ್ಥಾಶ್ರಮವನ್ನು ಬಿಟ್ಟು ಹೊರಡುವ ಮುನ್ನ ತನ್ನ ಇಬ್ಬರು ಪತ್ನಿಯರ ನಡುವೆ ಆಸ್ತಿಯ ವಿಭಾಗವನ್ನು ಮಾಡಿ ಮುಗಿಸಲು ಬಯಸುವನು. ಈ ಪ್ರಸಂಗವನ್ನು ಓದುವ ನಾವು ಧನವನ್ನು ನಿರಾಕರಿಸಿ ಅಮೃತತ್ವವನ್ನು ಕೇಳಿದ ಮೈತ್ರೇಯಿಯ ಕಡೆಗೇ ತಿರುಗುವೆವು, ಅದು ಯುಕ್ತವೂ ಹೌದು. ಆದರೆ ಆ ವಿಭಾಗವನ್ನು ಮಾಡದೆ ಹೊರಡಬಾರದೆಂದು ಋಷಿಗೆ ತೋರಿತೆಂಬ ಅಂಶಕ್ಕೆ ವ್ಯಾಖ್ಯಾನದ ಎರಡು ಸಾಲನ್ನಾದರೂ ಮೀಸಲಿಡಬೇಕು. ಮತ್ತು ಮನೆಯಲ್ಲಿ ಉಳಿಯುವವಳಾದ ಕಾತ್ಯಾಯನಿಯು ಆ ದಿನ ಏನೆಂದಳೆಂಬುದನ್ನು, ಉಪನಿಷತ್ತು ಅವಳ ಒಂದು ಮಾತನ್ನೂ ಕೊಡದಿದ್ದರೂ, ನಾವು ಕೇಳಲೇಬೇಕು.